ಬೆಳ್ಳಿ ಅಸಲಿ, ನಾಣ್ಯ ಖೋಟಾ: ಹಾಸನದ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಹಾಗೂ ಈ ಪತ್ರವನ್ನು ಓದುವ ಜಿಲ್ಲೆಯ ಎಲ್ಲ ನಾಗರಿಕರಿಗೆ ನಮಸ್ಕಾರಗಳು.

ನಾನು ಬ್ಯಾಂಕೊಂದರ ನಗದು ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದವನು. ಹಳೆಯ ನಾಣ್ಯಗಳನ್ನು ಕೂಡಿಡುವ ಹವ್ಯಾಸ ನನಗೆ ಆ ನೌಕರಿಗಿಂತಲೂ ಮೊದಲೇ ಹತ್ತಿಕೊಂಡಿತ್ತು. ಈ ವಿಷಯ ಊರಿನಲ್ಲಿ ಕೆಲವರಿಗೆ ಗೊತ್ತಿರುವುದರಿಂದ, ಮನೆಯ ಹಳೆ ಪೆಟ್ಟಿಗೆಯಲ್ಲಿ ಸಿಕ್ಕಿದ ದುಡ್ಡು, ಕಾಸು, ರೂಪಾಯಿಗಳನ್ನು ತಂದು ತೋರಿಸುವವರು ಆಗಾಗ ಬರುತ್ತಾರೆ. ಕಳೆದ ಕಾರ್ತೀಕದಲ್ಲಿ ಅರಸೀಕೆರೆ ಕಡೆಯ ರೈತರೊಬ್ಬರು ಹಾಗೆಯೇ ಬಂದು, ಎಲೆಅಡಿಕೆ ಚೀಲದೊಳಗಿಂದ ಮಡಿಸಿದ ಬಟ್ಟೆಯ ಗಂಟೊಂದನ್ನು ತೆಗೆದು, ಅದರಲ್ಲಿದ್ದ ಬೆಳ್ಳಿ ರೂಪಾಯಿಯನ್ನು ನನ್ನ ಮೇಜಿನ ಮೇಲಿಟ್ಟರು. ಆರನೆಯ ಜಾರ್ಜ್ ದೊರೆಯ ಮುಖವಿದ್ದ ಆ ರೂಪಾಯಿಯ ಹಿಂಬದಿಯಲ್ಲಿ 1939 ಎಂಬ ಇಸವಿ ಇತ್ತು. ಕೊಬ್ಬರಿ ಮಾರಿದ ಹಣದಲ್ಲಿ ನಲವತ್ತು ಸಾವಿರ ರೂಪಾಯಿ ಕೊಟ್ಟು ಅವರು ಅದನ್ನು ಕೊಂಡಿದ್ದರು. ಮುಂದಿನ ವರ್ಷ ಅದರ ಐದಾರು ಪಟ್ಟಿಗೆ ಮಾರಿ ಮಗಳ ಕಾಲೇಜಿನ ಶುಲ್ಕ ಕಟ್ಟಬಹುದೆಂದು ಮಾರಿದವನು ನಂಬಿಸಿದ್ದನಂತೆ. ಕೊಳ್ಳುವ ಮುನ್ನ ಅವರು ಎಚ್ಚರ ತಪ್ಪಿರಲಿಲ್ಲ. ಪರಿಚಯದ ಅಕ್ಕಸಾಲಿಗರ ಬಳಿ ಒಯ್ದು ಒರೆಗಲ್ಲಿಗೆ ಹಚ್ಚಿಸಿ, ಬೆಳ್ಳಿ ಚೊಕ್ಕವಾಗಿದೆ ಎಂಬ ಮಾತನ್ನು ಕೇಳಿಕೊಂಡೇ ಹಣ ಎಣಿಸಿದ್ದರು. ಅಕ್ಕಸಾಲಿಗರು ಹೇಳಿದ್ದು ನಿಜವೇ ಆಗಿತ್ತು. ಬೆಳ್ಳಿ ಅಸಲಿ, ನಾಣ್ಯ ಖೋಟಾ.

ಈ ಒಂದು ಅಂಶವನ್ನು ತಮ್ಮ ಗಮನಕ್ಕೆ ತರುವುದಕ್ಕಾಗಿಯೇ ನಾನು ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಲೋಹವನ್ನು ಪರೀಕ್ಷಿಸಿ ಹೇಳುವವರು ಪ್ರತಿಯೊಂದು ಪೇಟೆಯಲ್ಲೂ ಇದ್ದಾರೆ, ಆದರೆ ನಾಣ್ಯವನ್ನು ನಾಣ್ಯವೆಂದು ನೋಡಿ ಹೇಳುವವರು ಜನಸಾಮಾನ್ಯರ ಕೈಗೆಟಕುವ ಕಡೆ ಯಾರೂ ಇಲ್ಲ. ಈ ಅಂತರದಲ್ಲಿಯೇ ಮೋಸಗಾರರು ತಮ್ಮ ಅಂಗಡಿ ಹೂಡುತ್ತಾರೆ.

ಆ ರೈತರಿಗೆ ನಾನು ಬುದ್ಧಿ ಹೇಳಲು ಹೋಗಲಿಲ್ಲ, ಏಕೆಂದರೆ ಅದೇ ತಪ್ಪನ್ನು ಆರು ವರ್ಷಗಳ ಹಿಂದೆ ನಾನೂ ಮಾಡಿದ್ದೆ. ಬೇರೊಂದು ಊರಿನ ಪ್ರದರ್ಶನದಲ್ಲಿ, ಹೆಸರು ಹೇಳಲು ಇಷ್ಟಪಡದ ಮಾರಾಟಗಾರನೊಬ್ಬನಿಂದ, ಇಪ್ಪತ್ತೆಂಟು ಸಾವಿರ ತೆತ್ತು ನಾನೂ ಒಂದು 1939ರ ರೂಪಾಯಿ ಕೊಂಡಿದ್ದೆ. ತೂಕ ಸರಿಯಿತ್ತು, ನಾದ ಸರಿಯಿತ್ತು, ಅಂಚು ಸರಿಯಿತ್ತು. ಜೀವಮಾನವೆಲ್ಲ ನಾಣ್ಯ ಎಣಿಸಿದ ಬೆರಳುಗಳು ಮೋಸಹೋಗಲಾರವೆಂಬ ಧೈರ್ಯದಲ್ಲಿ, ಜೇಬಿನಲ್ಲಿಯೇ ಇದ್ದ ಭೂತಗನ್ನಡಿಯನ್ನು ಹೊರಗೆ ತೆಗೆಯುವುದನ್ನೇ ಮರೆತೆ. ಮನೆಗೆ ಬಂದು ರಾತ್ರಿ ದೀಪದ ಕೆಳಗೆ ಹಿಡಿದು ನೋಡಿದಾಗ ಇಸವಿಯ ಕೊನೆಯ ಅಂಕಿ ಬೇರೆಯೇ ಕಥೆ ಹೇಳಿತು. ಮಾರನೆಯ ದಿನ ಹೋಗಿ ವಿಚಾರಿಸಿದರೆ ಆ ಮಳಿಗೆ ಖಾಲಿಯಾಗಿತ್ತು, ನನ್ನ ಬಳಿ ಒಂದು ರಸೀದಿಯೂ ಇರಲಿಲ್ಲ.

ಈ ಇಸವಿಯ ರೂಪಾಯಿಗೆ ಇಷ್ಟೊಂದು ಬೆಲೆ ಏಕೆಂಬುದನ್ನು ಸ್ವಲ್ಪ ವಿವರಿಸಬೇಕು. ಕಂಪನಿ ಸರ್ಕಾರ 1835ರಲ್ಲಿ ಗೊತ್ತುಮಾಡಿದ ಲೆಕ್ಕದಂತೆ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತಿತ್ತು. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ಬೆರಕೆ. ಆರನೆಯ ಜಾರ್ಜ್ ದೊರೆಯ ಹೆಸರಿನಲ್ಲಿ ಈ ಹಳೆಯ ಮಟ್ಟದ ಬೆಳ್ಳಿಯ ರೂಪಾಯಿ ಹೊರಟದ್ದು 1938 ಮತ್ತು 1939, ಈ ಎರಡೇ ಇಸವಿಗಳಲ್ಲಿ. 1938ರದು ಇಂದಿಗೂ ಧಾರಾಳವಾಗಿ ಸಿಗುತ್ತದೆ, ನಮ್ಮ ಎಷ್ಟೋ ಮನೆಗಳಲ್ಲಿ ವರಮಹಾಲಕ್ಷ್ಮಿಯ ಕಲಶದ ಮುಂದೆ ಅದು ಇದ್ದೀತು. ಬೊಂಬಾಯಿ ಟಂಕಸಾಲೆಯಲ್ಲಿ ಮಾತ್ರ ಅಚ್ಚಾದ 1939ರ ರೂಪಾಯಿಗಳಲ್ಲಿ ಉಳಿದುಬಂದವು ತೀರ ಕಡಿಮೆ. ಅಷ್ಟರಲ್ಲಿ ಮಹಾಯುದ್ಧ ಆರಂಭವಾಗಿ, 1940ರಿಂದ ರೂಪಾಯಿಯಲ್ಲಿನ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಲಾಯಿತು. ಹೀಗಾಗಿ ಅಕ್ಕಪಕ್ಕದ ವರ್ಷದ ರೂಪಾಯಿಗಳು ಬೆಳ್ಳಿಯ ಬೆಲೆಗೆ ಒಂದಿಷ್ಟು ಸೇರಿಸಿದರೆ ದೊರೆಯುವಾಗ, ನಡುವಿನ ಈ ಒಂದು ವರ್ಷದ್ದಕ್ಕೆ ಹತ್ತಾರು ಪಟ್ಟು ಬೆಲೆ. ಒಂದೇ ಒಂದು ಅಂಕಿಯ ವ್ಯತ್ಯಾಸಕ್ಕೆ ಅಷ್ಟು ಹಣವಿರುವಾಗ ಆ ಅಂಕಿಯನ್ನೇ ಕೆತ್ತಿ ತಿದ್ದುವ ಕೈಗಳು ಹುಟ್ಟಿಕೊಂಡದ್ದು ಸಹಜವೇ.

ರೈತರು ತಂದ ರೂಪಾಯಿಯೂ, ನಾನು ಕೊಂಡ ರೂಪಾಯಿಯೂ ಇದೇ ಬಗೆಯವು. ಇವು ಟಂಕಸಾಲೆಯಲ್ಲಿಯೇ ಹುಟ್ಟಿದ 1938ರ ಸಾಚಾ ರೂಪಾಯಿಗಳು. 8ರ ಕೆಳಗಿನ ಸುತ್ತಿನ ಎಡಬದಿಯನ್ನು ಸಣ್ಣ ಉಳಿಯಿಂದ ಹೆರೆದು ತೆಗೆದರೆ ಅದು 9 ಆಗಿ ಕಾಣುತ್ತದೆ. ತೂಕದಲ್ಲಿ ಒಂದು ಗುಲಗಂಜಿಯಷ್ಟೂ ವ್ಯತ್ಯಾಸ ಬರುವುದಿಲ್ಲ, ಒರೆಗಲ್ಲು, ನೀರಿನ ತೂಕ, ಅಯಸ್ಕಾಂತ ಯಾವುದೂ ಇದನ್ನು ಹಿಡಿಯಲಾರದು. ಹಿಡಿಯಬಲ್ಲದ್ದು ಕಣ್ಣು ಮಾತ್ರ, ಅದಕ್ಕೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯ ನೆರವು ಬೇಕು. ನಮ್ಮ ಪುಣ್ಯಕ್ಕೆ ಸಾಕ್ಷಿಯೂ ಅದೇ ನಾಣ್ಯದ ಮೇಲಿದೆ: 1939 ಎಂಬ ಇಸವಿಯಲ್ಲಿ 9 ಎರಡು ಬಾರಿ ಬರುತ್ತದೆ. ಎರಡನೆಯ ಸ್ಥಾನದ 9ನ್ನು ಮೊದಲು ಚೆನ್ನಾಗಿ ನೋಡಿಕೊಂಡು, ಆಮೇಲೆ ಕೊನೆಯ 9ನ್ನು ನೋಡಬೇಕು. ತಲೆಯ ಸುತ್ತಿನ ಅಗಲ, ಬಾಲ ಬಾಗುವ ರೀತಿ, ಗೆರೆಯ ದಪ್ಪ ಇವೆರಡರಲ್ಲಿ ಹೊಂದಿಕೆಯಾಗಬೇಕು. ನನ್ನ ರೂಪಾಯಿಯಲ್ಲಿ ಮೊದಲ 9ರ ಸೊಂಟ ನಯವಾಗಿ ಇಳಿದಿದ್ದರೆ, ಕೊನೆಯ 9ರ ಸೊಂಟದಲ್ಲಿ 8ಕ್ಕೆ ಇರುವಂತೆ ಒಂದು ಚಿವುಟು ಉಳಿದುಕೊಂಡಿತ್ತು. ಅದರ ಎಡಕ್ಕೆ, ಹೆರೆದು ತೆಗೆದ ಜಾಗದ ನೆಲ ಸುತ್ತಲಿನ ನೆಲಕ್ಕಿಂತ ಒಂದು ಕೂದಲೆಳೆಯಷ್ಟು ತಗ್ಗಾಗಿತ್ತು. ಬೆಳಕನ್ನು ಓರೆಯಾಗಿ ಬಿಟ್ಟಾಗ ಅಲ್ಲಿ ಒಂದೇ ದಿಕ್ಕಿಗೆ ಓಡುವ ಸಣ್ಣ ಗೀರುಗಳು ಮಿನುಗಿದವು. ಉಳಿದ ನೆಲದ ಮೇಲಿನ ಗೀರುಗಳು ದಿಕ್ಕುದೆಸೆಯಿಲ್ಲದೆ ಹರಡಿದ್ದವು, ಏಕೆಂದರೆ ಅವು ನೂರಾರು ಕೈಗಳಲ್ಲಿ ಓಡಾಡಿ ಬಿದ್ದ ಗೀರುಗಳು. ಒಂದೇ ದಿಕ್ಕಿನ ಗೀರು ಬೀಳುವುದು ಒಂದೇ ಕೈ ಕೂತು ಕೆಲಸ ಮಾಡಿದಾಗ.

ಹಾಗೆಯೇ ಪಕ್ಕದಲ್ಲೊಂದು 1938ರ ಸಾಮಾನ್ಯ ರೂಪಾಯಿಯನ್ನು ಇಟ್ಟುಕೊಂಡೇ 1939ರದನ್ನು ನೋಡಬೇಕೆಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಅಸಲಿಯನ್ನು ಸಾವಿರ ಸಲ ನೋಡಿದ ಕಣ್ಣಿಗೆ ನಕಲಿ ತಾನಾಗಿಯೇ ಎದ್ದು ಕಾಣುತ್ತದೆ. ನಗದು ಕೌಂಟರಿನಲ್ಲಿ ಖೋಟಾ ನೋಟು ಹಿಡಿಯುವುದನ್ನು ನಮಗೆ ಕಲಿಸಿದ್ದೂ ಹೀಗೆಯೇ.

ಎರಡನೆಯ ಬಗೆ ಎರಕದ ನಾಣ್ಯ. ಅಸಲಿ ನಾಣ್ಯದಿಂದ ಅಚ್ಚು ತೆಗೆದು ಕರಗಿಸಿದ ಲೋಹವನ್ನು ಅದಕ್ಕೆ ಹೊಯ್ಯುವುದರಿಂದ ಅಕ್ಷರಗಳ ಅಂಚು ಸಾಬೂನಿನ ಮೇಲೆ ಬರೆದಂತೆ ಮೊಂಡಾಗಿರುತ್ತದೆ. ದೊರೆಯ ಕೆನ್ನೆಯ ಮೇಲೆ, ಅಕ್ಷರಗಳ ಬುಡದಲ್ಲಿ ಸೂಜಿಮೊನೆಯಂಥ ತೂತುಗಳು ಕಾಣುತ್ತವೆ. ಅಂಚಿನ ಹಲ್ಲುಗಳ ನಡುವೆ ಎರಡು ಅಚ್ಚು ಕೂಡಿದ ಗೆರೆ, ಇಲ್ಲವೇ ಆ ಗೆರೆಯನ್ನು ಅರದಿಂದ ಉಜ್ಜಿದ ಗುರುತು ಇರುತ್ತದೆ. ಮೂರನೆಯದು ಹೊಸ ಅಚ್ಚಿನಿಂದಲೇ ಒತ್ತಿದ್ದು. ಇದು ನೋಡಲು ಚೂಪಾಗಿರುತ್ತದೆ, ಆದರೆ ಲೋಹ ಸಾಮಾನ್ಯವಾಗಿ ಜರ್ಮನ್ ಸಿಲ್ವರ್. ಅದರಲ್ಲಿ ಹೆಸರಿಗೆ ಮಾತ್ರ ಬೆಳ್ಳಿಯಿದೆ, ಇರುವುದೆಲ್ಲ ತಾಮ್ರ, ನಿಕ್ಕಲ್, ಸತು. ಅಯಸ್ಕಾಂತಕ್ಕೆ ಅಂಟದಿದ್ದರೆ ಸಾಚಾ ಎಂದು ಹಲವರು ನಂಬಿದ್ದಾರೆ. ಜರ್ಮನ್ ಸಿಲ್ವರ್, ಹಿತ್ತಾಳೆ, ಸೀಸ ಯಾವುವೂ ಅಯಸ್ಕಾಂತಕ್ಕೆ ಅಂಟುವುದಿಲ್ಲವಾದ್ದರಿಂದ, ಅಂಟಿದರೆ ಖೋಟಾ ಎನ್ನಬಹುದೇ ಹೊರತು ಅಂಟಲಿಲ್ಲವೆಂದು ಸಾಚಾ ಎನ್ನಲಾಗದು.

ಈ ಎರಡು ಬಗೆಗಳಲ್ಲಿ ಲೋಹ ಬೇರೆಯಾಗಿದ್ದರೆ ಅದನ್ನು ಹಿಡಿಯಲು ನೀರಿನ ಪರೀಕ್ಷೆಯಷ್ಟು ನಂಬಿಕೆಯದು ಮತ್ತೊಂದಿಲ್ಲ. ಗ್ರಾಮಿನ ನೂರನೆಯ ಒಂದು ಭಾಗದವರೆಗೆ ತೋರಿಸುವ ತೂಕದ ಯಂತ್ರದ ಮೇಲೆ ನೀರು ತುಂಬಿದ ಲೋಟವನ್ನಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ನಾಣ್ಯವನ್ನು ತೆಳುವಾದ ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಪೂರ್ತಿ ಇಳಿಬಿಡಬೇಕು. 11.66 ಗ್ರಾಂ ತೂಗುವ ಹಳೆಯ ಮಟ್ಟದ ಬೆಳ್ಳಿ ರೂಪಾಯಿಯಾದರೆ ಯಂತ್ರ 1.13 ಗ್ರಾಂ ಹತ್ತಿರ ತೋರಿಸುತ್ತದೆ. ಅರ್ಧ ಬೆಳ್ಳಿಯದಾದರೆ 1.22ರ ಸುತ್ತ, ಜರ್ಮನ್ ಸಿಲ್ವರ್ ಆದರೆ 1.35ರ ಸುತ್ತ ಬರುತ್ತದೆ. ಹಗುರ ಲೋಹ ಅದೇ ತೂಕಕ್ಕೆ ಹೆಚ್ಚು ಜಾಗ ಹಿಡಿಯುವುದರಿಂದ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ಇಷ್ಟೇ ಅದರ ಗುಟ್ಟು. ನಾಣ್ಯಕ್ಕೆ ಒಂದು ಗೀರೂ ಬೀಳುವುದಿಲ್ಲ. ಒರೆಗಲ್ಲಿಗೆ ಹಚ್ಚಿದರೆ ಅಸಲಿ ನಾಣ್ಯದ ಬೆಲೆಯೇ ಇಳಿದುಹೋಗುತ್ತದೆಂಬುದನ್ನು ನಮ್ಮ ಅಕ್ಕಸಾಲಿಗ ಬಂಧುಗಳು ದಯವಿಟ್ಟು ಗಮನಿಸಬೇಕು. ಅಂಚನ್ನು ನೋಡುವುದೂ ಸುಲಭ. ಬೆಳ್ಳಿ ಅರ್ಧಕ್ಕಿಳಿದ ಮೇಲೆ ಖೋಟಾ ತಡೆಯಲೆಂದೇ ರೂಪಾಯಿಯ ಅಂಚಿನ ಹಲ್ಲುಗಳ ನಡುವೆ ಸುತ್ತಲೂ ಒಂದು ತೋಡನ್ನು ತಂದರು. 1939 ಎಂದು ಹೇಳಿಕೊಳ್ಳುವ ರೂಪಾಯಿಯ ಅಂಚಿನಲ್ಲಿ ಆ ತೋಡು ಕಂಡರೆ ಅದು ನಂತರದ ವರ್ಷದ ರೂಪಾಯಿಯ ಮೇಲೆ ನಡೆದ ಕೈಚಳಕವೆಂದು ತಿಳಿಯಬೇಕು.

ಕಪ್ಪನ್ನು ನಂಬಬಾರದು. ಹಳೆಯದೆಂದು ತೋರಿಸಲು ಗಂಧಕದ ಹೊಗೆಗೆ ಹಿಡಿದು ಒಂದೇ ರಾತ್ರಿಯಲ್ಲಿ ಬೆಳ್ಳಿಯನ್ನು ಕಪ್ಪು ಮಾಡಬಹುದು. ಕಾಲದಿಂದ ಬಂದ ಕಪ್ಪು ಅಕ್ಷರಗಳ ಸಂದಿಯಲ್ಲಿ ದಟ್ಟವಾಗಿದ್ದು ಉಬ್ಬಿದ ಭಾಗದಲ್ಲಿ ತೆಳುವಾಗಿರುತ್ತದೆ, ಹೊಗೆಯ ಕಪ್ಪು ಎಲ್ಲೆಡೆ ಒಂದೇ ಸಮನಾಗಿ ಮೆತ್ತಿಕೊಂಡಿರುತ್ತದೆ. ಹಾಗೆಂದು ಮನೆಯಲ್ಲಿರುವ ಹಳೆಯ ರೂಪಾಯಿಗಳನ್ನು ಹಬ್ಬದ ಹಿಂದಿನ ದಿನ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕುವ ನಮ್ಮ ತಾಯಂದಿರಲ್ಲಿ ನನ್ನದೊಂದು ವಿನಂತಿಯಿದೆ: ತೊಳೆಯಲೇಬೇಕಾದರೆ ಬರೀ ನೀರಿನಲ್ಲಿ ತೊಳೆಯಿರಿ. ತಿಕ್ಕಿದ ನಾಣ್ಯದ ಮೇಲೆ ಅಸಲಿತನದ ಗುರುತುಗಳೂ ಅಳಿಸಿಹೋಗುತ್ತವೆ.

ಇನ್ನು ನಮ್ಮ ಜಿಲ್ಲೆಗೇ ಸೇರಿದ ಮಾತು. ದೋರಸಮುದ್ರವನ್ನು, ಅಂದರೆ ಇಂದಿನ ಹಳೇಬೀಡನ್ನು ಆಳಿದ ಹೊಯ್ಸಳ ದೊರೆ ವಿಷ್ಣುವರ್ಧನ 1116ರ ಹೊತ್ತಿಗೆ ಚೋಳರಿಂದ ತಲಕಾಡನ್ನು ಗೆದ್ದು, ಆ ಗೆಲುವಿನ ನೆನಪಿಗೆ ಶ್ರೀ ತಳಕಾಡುಗೊಂಡ ಎಂದು ಕನ್ನಡದಲ್ಲಿಯೇ ಬರೆಸಿ ಚಿನ್ನದ ಗದ್ಯಾಣಗಳನ್ನು ಹೊರಡಿಸಿದ. ನೊಳಂಬವಾಡಿಯನ್ನು ಗೆದ್ದ ಬಿರುದಿನದೂ ಇವೆ. ಒಂದು ಬದಿಯಲ್ಲಿ ಸಿಂಹ, ಇನ್ನೊಂದು ಬದಿಯಲ್ಲಿ ಸಾಲುಸಾಲಾಗಿ ಕನ್ನಡ ಅಕ್ಷರ, ತೂಕ ನಾಲ್ಕು ಗ್ರಾಮಿನ ಆಸುಪಾಸು. ಎಂಟುನೂರು, ಒಂಬೈನೂರು ವರ್ಷ ಹಿಂದಿನ ಕನ್ನಡವನ್ನು ಅಂಗೈಯಲ್ಲಿಟ್ಟು ಓದಬಹುದಾದ ಇಂಥ ವಸ್ತು ಬೇರೆ ಎಷ್ಟಿವೆ ಹೇಳಿ! ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹೊಯ್ಸಳ ಎಂಬ ಹೆಸರಿಗೆ ಮಾರುಕಟ್ಟೆಯಲ್ಲಿಯೂ ಬೆಲೆ ಬಂದಿದೆ, ಹೊಯ್ಸಳರ ವರಹವೆಂದು ಹೇಳಿ ತೋರಿಸುವ ಚಿನ್ನದ ನೀರು ಕುಡಿಸಿದ ಹಿತ್ತಾಳೆ ಬಿಲ್ಲೆಗಳು ನನ್ನ ಬಳಿಗೇ ಎರಡು ಸಲ ಬಂದಿವೆ. ಹಿತ್ತಾಳೆ ಚಿನ್ನದ ಅರ್ಧದಷ್ಟೂ ಭಾರವಿಲ್ಲದ ಲೋಹವಾದ್ದರಿಂದ ನಾಲ್ಕು ಗ್ರಾಂ ತೂಗಬೇಕಾದರೆ ಅದು ಎರಡು ಪಟ್ಟು ದಪ್ಪನಾಗಲೇಬೇಕು, ಅಷ್ಟರಲ್ಲಿಯೇ ಗುಟ್ಟು ಬಯಲಾಗುತ್ತದೆ. ಚಿನ್ನದಲ್ಲಿಯೇ ಖೋಟಾ ಮಾಡಿದರೆ ಒರೆಗಲ್ಲು ಇಲ್ಲಿಯೂ ಮೂಕವಾಗುತ್ತದೆ, ಆಗ ಅಕ್ಷರವನ್ನೇ ಓದಬೇಕು. ಆ ಕಾಲದ ಲಿಪಿಯನ್ನು ಬಲ್ಲ ಕೈ ಕೊರೆದ ಅಚ್ಚಿನಲ್ಲಿ ಅಕ್ಷರ ಸವೆದಿದ್ದರೂ ತಿರುವು ಸರಿಯಿರುತ್ತದೆ. ಮಸುಕು ಚಿತ್ರವನ್ನು ನೋಡಿ, ಅರ್ಥ ತಿಳಿಯದೆ ಕೊರೆದವನ ಅಕ್ಷರ ಮಾತ್ರ ಕೀರಿದ ಗೆರೆಯಾಗಿ ನಿಲ್ಲುತ್ತದೆ. ಕೈಯಿಂದ ಸುತ್ತಿಗೆ ಹೊಡೆದು ಅಚ್ಚೊತ್ತಿದ ಕಾಲದ ನಾಣ್ಯಗಳಲ್ಲಿ ಬರಹ ಒಂದು ಪಕ್ಕಕ್ಕೆ ಸರಿದು ಕೆಲವು ಅಕ್ಷರ ಹೊರಗೆ ಉಳಿಯುವುದು ವಾಡಿಕೆ. ಎಲ್ಲವೂ ನಟ್ಟನಡುವೆ, ಒಂದಕ್ಷರವೂ ತಪ್ಪದೆ ಕೂತಿದ್ದರೆ ನನಗೆ ಮೊದಲು ಸಂದೇಹ ಹುಟ್ಟುತ್ತದೆ.

ಈ ಗದ್ಯಾಣಗಳ ವಿಷಯದಲ್ಲಿ ಕಾನೂನೂ ಬೇರೆಯದು. ನೂರು ವರ್ಷ ತುಂಬಿದ ನಾಣ್ಯ 1972ರ ಪುರಾವಸ್ತುಗಳ ಕಾಯ್ದೆಗೆ ಒಳಪಡುತ್ತದೆ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ದೇಶದಿಂದಾಚೆಗೆ ಖಾಸಗಿಯವರು ಸಾಗಿಸುವಂತಿಲ್ಲ. ಹೊಲ ಉಳುವಾಗ, ಪಾಯ ತೋಡುವಾಗ ನಿಧಿ ಸಿಕ್ಕಿದರೆ ಅದನ್ನು ತಿಳಿಸಬೇಕಾದದ್ದು ತಮ್ಮ ಕಚೇರಿಗೇ. ಆದ್ದರಿಂದ ಹೊಲದಲ್ಲಿ ಸಿಕ್ಕಿತೆಂದು ಹೇಳಿ ಗುಟ್ಟಾಗಿ ಮಾರುವವನು ನಿಜ ಹೇಳುತ್ತಿದ್ದರೆ ಕಾನೂನು ಮುರಿಯುತ್ತಿದ್ದಾನೆ, ಸುಳ್ಳು ಹೇಳುತ್ತಿದ್ದರೆ ಮೋಸ ಮಾಡುತ್ತಿದ್ದಾನೆ. ಎರಡರಲ್ಲಿ ಯಾವುದಾದರೂ ಕೊಳ್ಳುವವರಿಗೆ ಕೇಡು ತಪ್ಪಿದ್ದಲ್ಲ. 1939ರ ರೂಪಾಯಿಗೆ ಇನ್ನೂ ನೂರು ವರ್ಷ ತುಂಬಿಲ್ಲವಾಗಿ ಆ ಕಾಯ್ದೆಯ ಕಾವಲೂ ಅದಕ್ಕಿಲ್ಲ.

1818 ಎಂಬ ಇಸವಿಯೊಂದಿಗೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಹನುಮಂತನ ಅಥವಾ ರಾಮ ಪಟ್ಟಾಭಿಷೇಕದ ಚಿತ್ರ ಹೊತ್ತ ಆಣೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಂಪನಿಯವರ ಮದರಾಸಿನ ವರಹಗಳ ಮೇಲೆ ದೇವರ ಬಿಂಬವಿದ್ದದ್ದು ನಿಜ, ಭಕ್ತರು ರಾಮನ ಚಿತ್ರದ ಬಿಲ್ಲೆಗಳಾದ ರಾಮಟಂಕಿಗಳನ್ನು ಮಾಡಿಸಿ ಪೂಜೆಗಿಟ್ಟದ್ದೂ ನಿಜ, ಆದರೆ ಈ ಆಣೆಗಳು ಎಂದೂ ಚಲಾವಣೆಯಲ್ಲಿ ಇದ್ದವಲ್ಲ. ಅಕ್ಕಿಯನ್ನು ಎಳೆಯುವ ತಾಮ್ರದ ಕಾಸೆಂದು ರೈಸ್ ಪುಲ್ಲಿಂಗ್ ಹೆಸರಿನಲ್ಲಿ ನಡೆಯುವುದು ಶುದ್ಧ ದರೋಡೆ. ಹಳೆಯ ನಾಣ್ಯ ಕೊಳ್ಳುತ್ತೇವೆ, ಮೊದಲು ತೆರಿಗೆ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಹಣ ಕೀಳುವವರ ಬಗ್ಗೆ ಸ್ವತಃ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಹೊರಡಿಸಿ, ತಾನು ಇಂಥ ವ್ಯವಹಾರಕ್ಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದು ಸ್ಪಷ್ಟಪಡಿಸಿದೆ. ಆ ಎಚ್ಚರಿಕೆ ನಮ್ಮ ಹೋಬಳಿ ಮಟ್ಟದ ನಾಡಕಚೇರಿಗಳ ಗೋಡೆಯ ಮೇಲೆ ಕನ್ನಡದಲ್ಲಿ ಕಾಣುವಂತಾಗಬೇಕು.

ಮಾನ್ಯರೇ, ತಮ್ಮಲ್ಲಿ ನಾನು ಕೇಳುವುದು ದೊಡ್ಡ ಖರ್ಚಿನ ಕೆಲಸವಲ್ಲ. ತಿಂಗಳಿಗೆ ಒಂದು ದಿನ, ನಗರದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ, ರಾಜ್ಯ ಪುರಾತತ್ವ ಇಲಾಖೆಯಿಂದ ತರಬೇತಿ ಪಡೆದ ಒಬ್ಬರು ಮೇಜಿನ ಮುಂದೆ ಕೂತು ಜನರು ತಂದ ನಾಣ್ಯವನ್ನು ನೋಡಿ ಹೇಳುವ ಏರ್ಪಾಡಾಗಲಿ. ಬೇಕಾಗುವುದು ಮಾಪನಶಾಸ್ತ್ರ ಇಲಾಖೆಯವರು ಸರಿನೋಡಿ ಮುದ್ರೆ ಹಾಕಿದ ಒಂದು ಸೂಕ್ಷ್ಮ ತೂಕದ ಯಂತ್ರ, ಒಂದು ಭೂತಗನ್ನಡಿ, ಒಂದು ಲೋಟ ನೀರು, ಹೋಲಿಸಿ ನೋಡಲು ನಾಲ್ಕಾರು ಅಸಲಿ ನಾಣ್ಯಗಳು. ಬೆಲೆ ಕಟ್ಟುವ ಕೆಲಸ ಅವರದಾಗಬಾರದು, ಅಸಲಿಯೋ ಖೋಟಾವೋ ಎಂಬುದನ್ನು ಮಾತ್ರ ಹೇಳಿದರೆ ಸಾಕು. ಬೆಲೆ ಹೇಳತೊಡಗಿದರೆ ಅಲ್ಲಿಯೂ ದಲ್ಲಾಳಿಗಳು ಸೇರಿಕೊಳ್ಳುತ್ತಾರೆ.

ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ, ಬೇಲೂರಿನ ತೇರಿನಲ್ಲಿ, ವಸ್ತುಪ್ರದರ್ಶನಗಳಲ್ಲಿ ಮಳಿಗೆಗೆ ಅನುಮತಿ ಕೊಡುವಾಗ ನಾಣ್ಯ ಮಾರುವವರಿಗೆ ಒಂದು ಷರತ್ತು ಸೇರಿಸಬೇಕು. ಮಾರಿದ ಪ್ರತಿ ನಾಣ್ಯಕ್ಕೂ ಇಸವಿ, ಲೋಹ, ತೂಕ, ಮಾರಿದವರ ವಿಳಾಸವನ್ನು ಬರೆದ ರಸೀದಿ ಕೊಡಬೇಕು, ಪ್ರತಿಕೃತಿಯಾದರೆ ಹಾಗೆಂದೇ ಅದರಲ್ಲಿ ಬರೆಯಬೇಕು. ಅಮೆರಿಕದಲ್ಲಿ 1973ರಿಂದಲೇ ಅನುಕರಣೆಯ ನಾಣ್ಯದ ಮೈಮೇಲೆ ಅದು ನಕಲೆಂದು ಅಚ್ಚೊತ್ತಿರಬೇಕೆಂಬ ಕಾನೂನಿದೆ. ಅಷ್ಟು ದೂರ ಹೋಗುವುದು ಜಿಲ್ಲಾಡಳಿತದ ಕೈಯಲ್ಲಿಲ್ಲವಾದರೂ ರಸೀದಿಯನ್ನು ಕಡ್ಡಾಯ ಮಾಡುವುದು ತಮ್ಮ ಕೈಯಲ್ಲಿದೆ. ರಸೀದಿಯಿದ್ದಿದ್ದರೆ ಆ ರೈತರು ಇಂದು ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ನಿಲ್ಲಬಹುದಾಗಿತ್ತು.

ಪೊಲೀಸ್ ಠಾಣೆಗಳಿಗೂ ಒಂದು ಸೂಚನೆ ಹೋಗಬೇಕು. ಆ ರೈತರೊಂದಿಗೆ ನಾನೂ ಒಂದು ಠಾಣೆಗೆ ಹೋಗಿದ್ದೆ. ಇದು ಈಗ ನಡೆಯುವ ನಾಣ್ಯವಲ್ಲವಲ್ಲ, ನೀವು ಹವ್ಯಾಸಕ್ಕೆ ಕೊಂಡದ್ದಕ್ಕೆ ನಾವೇನು ಮಾಡುವುದು ಎಂದು ಕೇಳಿ ಕಳುಹಿಸಿದರು. ನಾಣ್ಯ ಚಲಾವಣೆಯಲ್ಲಿ ಇರಲಿ, ಇಲ್ಲದಿರಲಿ, ತಿದ್ದಿದ್ದೆಂದು ತಿಳಿದೂ ಅಸಲಿಯೆಂದು ನಂಬಿಸಿ ಹಣ ಪಡೆದದ್ದು ವಂಚನೆ, ಈಗ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಂ ಇರುವುದೇ ವಂಚನೆಗಾಗಿ. ದೂರನ್ನು ಬರೆದುಕೊಳ್ಳಬೇಕು, ಸ್ವೀಕೃತಿ ಕೊಡಬೇಕು, ನಾಣ್ಯವನ್ನು ಪರೀಕ್ಷೆಗೆ ಕಳುಹಿಸಬೇಕು. ಆ ರೈತರು ಠಾಣೆಯ ಮೆಟ್ಟಿಲಿಳಿಯುವಾಗ ರೂಪಾಯಿಯನ್ನು ಮತ್ತೆ ಅದೇ ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿಟ್ಟುಕೊಂಡರು. ಮನೆಯವರಿಗೆ ಇನ್ನೂ ಹೇಳಿಲ್ಲ ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ನಾನು ಕೊಂಡ ಖೋಟಾ ರೂಪಾಯಿಯನ್ನು ಮಾರದೆ, ಕರಗಿಸದೆ ಇಟ್ಟುಕೊಂಡಿದ್ದೇನೆ. ತಾವು ಒಂದು ದಿನ, ಒಂದು ಹೊತ್ತು ಗೊತ್ತುಮಾಡಿದರೆ ಅದನ್ನೂ, ಪಕ್ಕಕ್ಕಿಡಲು 1938ರ ಅಸಲಿ ರೂಪಾಯಿಯನ್ನೂ, ಭೂತಗನ್ನಡಿಯನ್ನೂ ತೆಗೆದುಕೊಂಡು ತಮ್ಮ ಕಚೇರಿಗೆ ಬರುತ್ತೇನೆ. ಕೊನೆಯ ಅಂಕಿಯ ಎಡಬದಿಯ ಆ ತಗ್ಗನ್ನು ತಾವೇ ನೋಡಬಹುದು. ಸಂಗ್ರಹಾಲಯದಲ್ಲಿ ಪರೀಕ್ಷೆಯ ದಿನ ಆರಂಭವಾದರೆ, ಜನರಿಗೆ ತೋರಿಸಲೆಂದು ಅದನ್ನು ಅಲ್ಲಿಗೇ ಕೊಟ್ಟುಬಿಡುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ನಗದು ಗುಮಾಸ್ತ, ನಾಣ್ಯ ಸಂಗ್ರಾಹಕ
ಹಾಸನ